ಸಣ್ಣ ವ್ಯಾಪಾರಕ್ಕೆ ಲೆಕ್ಕದ ತಂತ್ರಾಂಶ: ಬೆಲೆ ಕೇಳುವ ಮೊದಲು
(ಶಿವಮೊಗ್ಗದಲ್ಲಿ ಸಣ್ಣ ವ್ಯಾಪಾರಿಗಳು ಮತ್ತು ಗೃಹ ಉದ್ಯಮಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಗಾಂಧಿ ಬಜಾರಿನ ದಿನಸಿ ಅಂಗಡಿಯವರು, ಎಪಿಎಂಸಿಯ ಅಡಿಕೆ ಮಂಡಿಯವರು, ಮಾಚೇನಹಳ್ಳಿಯಲ್ಲಿ ಸಣ್ಣ ಕಾರ್ಖಾನೆ ನಡೆಸುವವರು, ಸಾಗರ ಹೊಸನಗರದ ಕಡೆಯಿಂದ ಬಂದಿರುವ ಉಪ್ಪಿನಕಾಯಿ ಉದ್ಯಮದ ಮಹಿಳೆಯರು, ತೀರ್ಥಹಳ್ಳಿಯ ಹೋಂಸ್ಟೇ ಮಾಲೀಕರು, ಇಷ್ಟು ಬಗೆಯ ಕಸುಬಿನವರು ಒಂದೇ ಕಡೆ ಸೇರಿರುವಾಗ ಎಲ್ಲರಿಗೂ ಸಲ್ಲುವ ಒಂದು ತಂತ್ರಾಂಶದ ಹೆಸರನ್ನು ನಾನು ಹೇಳಲಾರೆ. ಆದರೆ ನಾನು ಇಲ್ಲಿಗೆ ಬಂದ ಕೂಡಲೇ ಹಲವರು ಕೇಳಿದ್ದು ಅದನ್ನೇ: ಯಾವುದು ಅಗ್ಗ, ಒಂದು ಹೆಸರು ಹೇಳಿಬಿಡಿ ಸಾರ್. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ವರ್ಷಕ್ಕೆ ನಾಲ್ಕಾರು ಸಾವಿರ ರೂಪಾಯಿ ಎಂಬುದು ಸಣ್ಣ ಅಂಗಡಿಗೆ ಸಣ್ಣ ಮಾತಲ್ಲ. ಆದರೂ ನನ್ನ ತಿಳಿವಳಿಕೆಯಲ್ಲಿ ತಂತ್ರಾಂಶದ ನಿಜವಾದ ಬೆಲೆ ಬಿಲ್ಲಿನಲ್ಲಿ ಕಾಣಿಸದ ಎರಡು ಕಡೆ ಇರುತ್ತದೆ. ಒಂದು, ದಿನವೂ ಅದರ ಮುಂದೆ ಕೂತು ಲೆಕ್ಕ ಬರೆಯುವವರು ಕಳೆಯುವ ಹೊತ್ತು. ಇನ್ನೊಂದು, ಎಂದಾದರೂ ಅದನ್ನು ಬಿಡಬೇಕಾಗಿ ಬಂದಾಗ ನಮ್ಮ ಲೆಕ್ಕ ಪೂರ್ತಿಯಾಗಿ ನಮ್ಮ ಕೈಗೆ ಬರುತ್ತದೆಯೇ ಎಂಬುದು. ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡರ ಸುತ್ತಲೇ ಇದೆ.

ಮೊದಲು ಮಾಡಬೇಕಾದ ಕೆಲಸಕ್ಕೆ ಕಂಪ್ಯೂಟರ್ ಬೇಡ, ಒಂದು ಹಾಳೆ ಸಾಕು. ಸಂಜೆ ಅಂಗಡಿ ಮುಚ್ಚುವಾಗ ನಿಮಗೆ ಯಾವ ಉತ್ತರ ಬೇಕು ಎಂಬುದನ್ನು ಅದರಲ್ಲಿ ಬರೆಯಿರಿ. ದಿನಸಿ ಅಂಗಡಿಗೆ ಬೇಕಾದದ್ದು ಯಾರ ಉದ್ರಿ ಎಷ್ಟಾಗಿದೆ, ಯಾವ ಸರಕು ಮುಗಿಯುತ್ತ ಬಂದಿದೆ ಎಂಬುದು. ಅಪ್ಪೆಮಿಡಿ ಉಪ್ಪಿನಕಾಯಿ ಮಾಡುವವರಿಗೆ ಬೇಕಾದದ್ದು ಯಾವ ದಿನ ಹಾಕಿದ ಮಾಲು ಯಾವ ಅಂಗಡಿಗೆ ಹೋಯಿತು, ಎಲ್ಲಿಂದ ಹಣ ಬರಬೇಕು, ಎಲ್ಲಿ ಅವಧಿ ಮುಗಿಯುವ ಬಾಟಲಿಗಳು ಉಳಿದಿವೆ ಎಂಬುದು. ಮಾರುವವನು ತೋರಿಸುವ ನೂರು ಸೌಲಭ್ಯಗಳಲ್ಲಿ ನಿಮ್ಮ ಹಾಳೆಯ ಮೇಲಿರುವ ನಾಲ್ಕಕ್ಕೆ ಉತ್ತರ ಸಿಗದಿದ್ದರೆ ಉಳಿದ ತೊಂಬತ್ತಾರಕ್ಕೆ ಹಣ ಕೊಟ್ಟು ಪ್ರಯೋಜನವಿಲ್ಲ.

ಇದನ್ನು ಅಡಿಕೆ ಮಂಡಿಯ ಲೆಕ್ಕದಲ್ಲಿ ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ನಮ್ಮ ಜಿಲ್ಲೆಯ ವಹಿವಾಟಿನ ಬೆನ್ನೆಲುಬು ಅದು, ಮತ್ತು ಸಿದ್ಧ ತಂತ್ರಾಂಶಗಳು ಹೆಚ್ಚಾಗಿ ಎಡವುವುದೂ ಅಲ್ಲಿಯೇ. ಬೆಳೆಗಾರರು ಮೂಟೆಗಳನ್ನು ತಂದು ಮಂಡಿಯಲ್ಲಿ ಇಳಿಸುತ್ತಾರೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳಿಗೆ ಬೇರೆ ಬೇರೆ ತೂಕವಾಗುತ್ತದೆ. ಮಾರಾಟ ಅಂದೇ ಆಗಬಹುದು, ಒಳ್ಳೆಯ ಧಾರಣೆಗಾಗಿ ತಿಂಗಳುಗಟ್ಟಲೆ ಕಾಯಬಹುದು. ಅಷ್ಟರೊಳಗೆ ಮಗಳ ಮದುವೆಗೋ ತೋಟದ ಗೊಬ್ಬರಕ್ಕೋ ಅವರು ಮುಂಗಡ ಪಡೆದಿರುತ್ತಾರೆ, ಅದಕ್ಕೆ ಬಡ್ಡಿಯೂ ನಡೆಯುತ್ತಿರುತ್ತದೆ. ಮಾರಾಟವಾಗುವವರೆಗೆ ಆ ಅಡಿಕೆ ಬೆಳೆಗಾರನದು. ಕಮಿಷನ್ ಮೇಲೆ ಮಾರಿಕೊಡುವ ಮಂಡಿಯವರು ಅದನ್ನು ಕೊಂಡಿರುವುದಿಲ್ಲ. ಅಂಗಡಿಗೆಂದು ಸಿದ್ಧವಾದ ಸಾಮಾನ್ಯ ಬಿಲ್ಲಿಂಗ್ ಆ್ಯಪ್‌ಗೆ ಈ ಸಂಬಂಧ ತಿಳಿಯದು. ಒಳಗೆ ಬಂದದ್ದೆಲ್ಲ ಅದರ ಲೆಕ್ಕದಲ್ಲಿ ಖರೀದಿ. ಹಾಗೆ ಬರೆದರೆ ನಮ್ಮದಲ್ಲದ ದಾಸ್ತಾನು ನಮ್ಮ ಆಸ್ತಿಯೆಂದು ವರ್ಷಾಂತ್ಯದ ಪಟ್ಟಿಯಲ್ಲಿ ಕೂತುಬಿಡುತ್ತದೆ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರ ಲೆಕ್ಕವಂತೂ ಇನ್ನೂ ಬೇರೆ: ತೋಟದವರಿಗೆ ಕೊಟ್ಟ ಮುಂಗಡ, ಕೊಯಿಲಿನಲ್ಲಿ ಬಂದ ಹಸಿ ಅಡಿಕೆಯ ತೂಕ, ಒಂದು ಕ್ವಿಂಟಾಲ್ ಹಸಿಗೆ ಇಷ್ಟು ಕೆ.ಜಿ. ಒಣ ಅಡಿಕೆ ಎಂಬ ಮಾತು, ಸುಲಿತ ಮತ್ತು ಬೇಯಿಸುವ ಖರ್ಚು, ಇವೆಲ್ಲ ಒಂದೇ ಖಾತೆಯಲ್ಲಿ ಕೂಡಬೇಕು. ಆದ್ದರಿಂದ ತಂತ್ರಾಂಶ ತೋರಿಸಲು ಬಂದವರ ಮುಂದೆ ಅವರ ಮಾದರಿ ಲೆಕ್ಕಕ್ಕೆ ತಲೆದೂಗದೆ, ನಿಮ್ಮ ಹಳೆಯ ಕಿರ್ದಿಯಿಂದ, ಅಂದರೆ ದಿನವಹಿ ಲೆಕ್ಕದ ಪುಸ್ತಕದಿಂದ, ಅತ್ಯಂತ ತೊಡಕಿನ ಒಬ್ಬ ಬೆಳೆಗಾರನ ಖಾತೆಯನ್ನು ತೆಗೆದಿಟ್ಟು, ಇದನ್ನು ಬರೆದು ತೋರಿಸಿ ಎಂದು ಕೇಳಿ. ಒಂದು ಗಂಟೆಯಲ್ಲಿ ಎಲ್ಲವೂ ತಿಳಿಯುತ್ತದೆ.

ಹೋಂಸ್ಟೇಯವರಿಗೆ ಇಷ್ಟು ಕಷ್ಟವಿಲ್ಲ. ಮೂರು ನಾಲ್ಕು ಕೋಣೆಗಳಿದ್ದರೆ ಒಂದು ಕ್ಯಾಲೆಂಡರು, ಒಂದು ಬಿಲ್ ಪುಸ್ತಕ ಸಾಕು. ಔಷಧದ ಅಂಗಡಿಯವರು ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನವನ್ನು ನೋಡಿಕೊಳ್ಳುವ, ಆ ವ್ಯಾಪಾರಕ್ಕೆಂದೇ ಸಿದ್ಧವಾದ ತಂತ್ರಾಂಶವನ್ನೇ ಕೊಳ್ಳುವುದು ಲೇಸು. ಕಾರ್ಖಾನೆಯವರು ಜಾಬ್ ವರ್ಕ್‌ಗೆ, ಅಂದರೆ ಬೇರೆಯವರಿಂದ ಕೆಲಸ ಮಾಡಿಸಲು, ಹೊರಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕೆಂಬ ಜಿಎಸ್‌ಟಿ ನಿಯಮವನ್ನು ನೆನಪಿಟ್ಟುಕೊಂಡು, ಮಾಲಿನ ಜೊತೆ ಕಳಿಸುವ ಡೆಲಿವರಿ ಚಲನ್‌ನ ಲೆಕ್ಕ ಇಡುವಂಥದ್ದನ್ನು ಆರಿಸಿಕೊಳ್ಳಬೇಕು.

ಇನ್ನು ಕಾನೂನು ನಮ್ಮಿಂದ ಏನನ್ನು ಕೇಳುತ್ತದೆ ಎಂಬ ವಿಷಯ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ, ತಂತ್ರಾಂಶ ಇಲ್ಲದೆ ವ್ಯಾಪಾರವೇ ಸಾಧ್ಯವಿಲ್ಲ ಎಂಬ ಭಯವನ್ನು ಹಲವರಲ್ಲಿ ಬಿತ್ತಲಾಗಿದೆ. ವಿಷಯ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಸರಕನ್ನಷ್ಟೇ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಅದನ್ನು ದಾಟಿದ ವ್ಯಾಪಾರಿಯೂ ವಹಿವಾಟು 1.5 ಕೋಟಿಯೊಳಗಿದ್ದರೆ ರಾಜಿ ತೆರಿಗೆಯ, ಅಂದರೆ ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅಂಥವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ತೆರಿಗೆ ಬಿಲ್ಲಿನ ಬದಲು ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ನಮೂದಿಸದ ಬಿಲ್ಲು, ಕೊಡಬೇಕು. ಅಗ್ಗದ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡು, ಅದರ ಹೊಂದಿಕೆಗಳನ್ನು ಬದಲಿಸದೆ ತೆರಿಗೆ ನಮೂದಾದ ಬಿಲ್ಲುಗಳನ್ನು ಮುದ್ರಿಸಿ ಕೊಡುತ್ತಿರುವ ಕಾಂಪೊಸಿಷನ್ ವ್ಯಾಪಾರಿಗಳು ಇದ್ದಾರೆ. ದಯವಿಟ್ಟು ಇಂದೇ ಮನೆಗೆ ಹೋಗಿ ನಿಮ್ಮ ಬಿಲ್ಲನ್ನೊಮ್ಮೆ ನೋಡಿ. ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಜಾಲತಾಣದಲ್ಲಿ ದಾಖಲಿಸುವುದು, ಕಡ್ಡಾಯವಾಗಿರುವುದು ವಹಿವಾಟು 5 ಕೋಟಿ ದಾಟಿದವರಿಗೆ, ಅದೂ 2023ರ ಆಗಸ್ಟ್ 1ರಿಂದ. ಆ ಗೆರೆಯ ಕೆಳಗಿರುವವರು ಅದರ ಹೆಸರಿನಲ್ಲಿ ದುಬಾರಿ ಆವೃತ್ತಿಯನ್ನು ಕೊಳ್ಳಬೇಕಾದ ಅಗತ್ಯವಿಲ್ಲ.

2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿಯ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳನ್ನು ಕಳಿಸಿದ್ದು, ಹಲವು ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಚೀಟಿಗಳು ಕಾಣಿಸಿಕೊಂಡದ್ದು ನಿಮಗೆಲ್ಲ ನೆನಪಿದೆ. ಆ ದಿನಗಳಲ್ಲಿ ಕಷ್ಟಕ್ಕೆ ಸಿಕ್ಕಿದವರ ದೊಡ್ಡ ತೊಂದರೆ ತೆರಿಗೆಗಿಂತ ಮೊದಲು ದಾಖಲೆಯದಾಗಿತ್ತು. ಖಾತೆಗೆ ಬಂದ ಹಣದಲ್ಲಿ ಹಾಲು ತರಕಾರಿಯಂಥ ತೆರಿಗೆ ವಿನಾಯಿತಿ ಇರುವ ಮಾರಾಟ ಎಷ್ಟು, ತೆರಿಗೆ ಬೀಳುವ ಸರಕು ಎಷ್ಟು, ಅಣ್ಣತಮ್ಮಂದಿರು ಕಳಿಸಿದ ಹಣ ಎಷ್ಟು, ವಾಪಸು ಬಂದ ಕೈಸಾಲ ಎಷ್ಟು ಎಂದು ಬಿಡಿಸಿ ತೋರಿಸಲು ಅವರ ಬಳಿ ಏನೂ ಇರಲಿಲ್ಲ. ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ಆದರೆ ಎರಡೂ ಬಗೆಯದನ್ನು ಮಾರುವ ಅಂಗಡಿಯ ಒಟ್ಟು ವಹಿವಾಟನ್ನು ಎಣಿಸುವಾಗ ವಿನಾಯಿತಿಯ ಮಾರಾಟವೂ ಸೇರುತ್ತದೆ. ಈ ವ್ಯತ್ಯಾಸವನ್ನು ದಿನದಿನವೂ ಬೇರೆಯಾಗಿ ಬರೆದಿಡುವುದೇ ಸಣ್ಣ ಅಂಗಡಿಯ ಮಟ್ಟಿಗೆ ಲೆಕ್ಕದ ಮೊದಲ ಕೆಲಸ ಎಂದು ನಾನು ತಿಳಿಯುತ್ತೇನೆ. ಅಂಗಡಿಯ ಕ್ಯೂಆರ್ ಕೋಡ್‌ಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇಟ್ಟುಕೊಂಡು, ಮನೆಯ ಹಣ ಅದಕ್ಕೆ ಬರದಂತೆ ನೋಡಿಕೊಂಡರೆ ಅರ್ಧ ತೊಡಕು ಕಳೆಯುತ್ತದೆ; ಅದಕ್ಕೆ ಯಾವ ತಂತ್ರಾಂಶವನ್ನೂ ಕೊಳ್ಳಬೇಕಾಗಿಲ್ಲ.

ಈಗ ಆಯ್ಕೆಗಳಿಗೆ ಬರೋಣ. ತಿಂಗಳಿಗೆ ಹತ್ತಾರು ಬಿಲ್ಲುಗಳಷ್ಟೇ ಇರುವ ಗೃಹ ಉದ್ಯಮಕ್ಕೆ ಲಿಬ್ರೆ ಆಫೀಸ್‌ನ ಕೋಷ್ಟಕ ಹಾಳೆ ಧಾರಾಳವಾಗಿ ಸಾಕು. ಅದು ಸಂಪೂರ್ಣ ಉಚಿತ, ಕನ್ನಡವನ್ನು ಚೆನ್ನಾಗಿ ನಿಭಾಯಿಸುತ್ತದೆ, ಅಂತರ್ಜಾಲವಿಲ್ಲದೆ ಕೆಲಸ ಮಾಡುತ್ತದೆ. ನೋಂದಣಿ ಇದ್ದವರಿಗೆ ಜಿಎಸ್‌ಟಿ ಜಾಲತಾಣದಲ್ಲಿಯೇ ರಿಟರ್ನ್, ಅಂದರೆ ತೆರಿಗೆ ಲೆಕ್ಕದ ವಿವರಪಟ್ಟಿ, ಸಿದ್ಧಪಡಿಸುವ ಆಫ್‌ಲೈನ್ ಉಪಕರಣ ಉಚಿತವಾಗಿ ಸಿಗುತ್ತದೆ. ದಿನಕ್ಕೆ ಹತ್ತಾರು ಬಿಲ್ಲು ಹರಿಯುವ ಅಂಗಡಿಗೆ ವ್ಯಾಪಾರ್‌ನಂಥ ಮೊಬೈಲ್ ಬಿಲ್ಲಿಂಗ್ ಆ್ಯಪ್‌ಗಳು ಅನುಕೂಲ. ಉದ್ರಿಯ ಲೆಕ್ಕವಷ್ಟೇ ಬೇಕಾದವರಿಗೆ ಖಾತಾಬುಕ್, ಓಕೆ ಕ್ರೆಡಿಟ್‌ನಂಥವು ಇವೆ. ಆದರೆ ಇಂಥ ಆ್ಯಪ್‌ಗಳನ್ನು ಹಾಕಿಕೊಳ್ಳುವಾಗ ಅವು ಫೋನಿನ ಯಾವ ಯಾವ ಮಾಹಿತಿಗೆ ಅನುಮತಿ ಕೇಳುತ್ತವೆ ಎಂಬುದನ್ನು ಓದಿ ಒಪ್ಪಿಕೊಳ್ಳಿ. ನಿಮ್ಮ ಬಾಕಿದಾರರ ಹೆಸರು, ಫೋನ್ ಸಂಖ್ಯೆ, ಬಾಕಿ ಮೊತ್ತ ಅವರು ನಿಮ್ಮನ್ನು ನಂಬಿ ಕೊಟ್ಟದ್ದು.

ಪೂರ್ಣ ಲೆಕ್ಕಪತ್ರಕ್ಕೆ ನಮ್ಮ ಊರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟ್ಯಾಲಿ. 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ, ಇಂದು ಬೆಂಗಳೂರಿನಲ್ಲಿ ನೆಲೆಸಿರುವ ಸಂಸ್ಥೆಯ ತಂತ್ರಾಂಶ ಅದು. ಒಬ್ಬರು ಬಳಸುವ ಪರವಾನಗಿಯ ಬೆಲೆಯೇ 20,000 ರೂಪಾಯಿ ದಾಟುತ್ತದೆ, ಹೊಸ ಆವೃತ್ತಿಗಳು ಬೇಕೆಂದರೆ ಮುಂದೆ ನವೀಕರಣದ ಹಣವನ್ನೂ ಕಟ್ಟಬೇಕು. ಆದರೂ ಅದರ ಪರವಾಗಿ ಒಂದು ಬಲವಾದ ಮಾತಿದೆ: ಅದನ್ನು ಬಲ್ಲ ಹುಡುಗ ಹುಡುಗಿಯರು ಶಿವಮೊಗ್ಗದಲ್ಲಷ್ಟೇ ಅಲ್ಲ, ಸಾಗರ ಶಿಕಾರಿಪುರಗಳಲ್ಲಿಯೂ ಸಿಗುತ್ತಾರೆ, ನಿಮ್ಮ ಲೆಕ್ಕ ಪರಿಶೋಧಕರಿಗೂ ಅದು ಗೊತ್ತು. ಕಲಿಯಲು ಅದರ ಶಿಕ್ಷಣ ಆವೃತ್ತಿ ಉಚಿತ. ಅದರಲ್ಲಿ ತಿಂಗಳ 1, 2 ಮತ್ತು 31ರ ದಿನಾಂಕಗಳಿಗೆ ಮಾತ್ರ ಲೆಕ್ಕ ಬರೆಯಬಹುದು, ಆದರೆ ಕೊಳ್ಳುವ ಮೊದಲು ನಿಮ್ಮ ತೊಡಕಿನ ಖಾತೆಯನ್ನು ಪರೀಕ್ಷಿಸಲು ಅಷ್ಟು ಸಾಕು.

ಉಚಿತ ಮತ್ತು ಮುಕ್ತ ತಂತ್ರಾಂಶಗಳ ಬಗ್ಗೆ ನನಗೆ ಬಹಳ ಗೌರವವಿದೆ. ಗ್ನೂಕ್ಯಾಶ್ ಎಂಬುದು ಜಮಾ ಖರ್ಚಿನ ಎರಡೂ ಬದಿಯನ್ನು ಶಿಸ್ತಾಗಿ ಬರೆಸುವ ಒಳ್ಳೆಯ ಸಾಧನ, ಆದರೆ ನಮ್ಮ ಜಿಎಸ್‌ಟಿ ರಿಟರ್ನುಗಳನ್ನು ಅದು ಸಿದ್ಧಪಡಿಸಿಕೊಡದು. ಮುಂಬೈಯ ಫ್ರಾಪೆ ಸಂಸ್ಥೆ ರೂಪಿಸಿದ ಇಆರ್‌ಪಿ ನೆಕ್ಸ್ಟ್ ಮುಕ್ತ ಆಕರದ್ದು, ಅಂದರೆ ಅದರ ಮೂಲ ಬರಹ ಎಲ್ಲರಿಗೂ ತೆರೆದದ್ದು; ದಾಸ್ತಾನು, ಉತ್ಪಾದನೆ, ಲೆಕ್ಕ, ಜಿಎಸ್‌ಟಿ ಎಲ್ಲವನ್ನೂ ಒಳಗೊಂಡದ್ದು. ಪರವಾನಗಿಗೆ ಹಣವಿಲ್ಲ, ಆದರೆ ಅದನ್ನು ಸರ್ವರ್ ಮೇಲೆ ಕೂರಿಸಿ, ನೋಡಿಕೊಂಡು, ಕೆಟ್ಟಾಗ ಸರಿಮಾಡುವವರು ಬೇಕು. ಮಾಚೇನಹಳ್ಳಿಯ ನಾಲ್ಕೈದು ಕಾರ್ಖಾನೆಗಳು ಒಟ್ಟಾಗಿ ಅಂಥ ಒಬ್ಬ ತಂತ್ರಜ್ಞರನ್ನು ಇಟ್ಟುಕೊಂಡರೆ ಇದು ಅತ್ಯುತ್ತಮ ದಾರಿ. ಒಂಟಿ ಅಂಗಡಿಗೆ ನಾನು ಸಲಹೆ ಮಾಡುವುದಿಲ್ಲ. ಇವೆಲ್ಲದರ ಬದಲು ಕದ್ದ ಪ್ರತಿಯನ್ನು ಹಾಕಿಕೊಡುತ್ತೇನೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿಬಿಡಿ. ತಿಳಿದೂ ಅಂಥದ್ದನ್ನು ಬಳಸುವುದು ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಧಿಯಡಿ ಸೆರೆವಾಸದವರೆಗೆ ಹೋಗಬಹುದಾದ ಅಪರಾಧ, ಮತ್ತು ಅಂಥ ಪ್ರತಿಯ ಜೊತೆಗೆ ನಿಮ್ಮ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶವೂ ಬರಬಹುದು.

ನಾನು ಮೊದಲು ಹೇಳಿದ ಹೊತ್ತಿನ ಬೆಲೆಯನ್ನು ಅಂಕಿಯಲ್ಲಿ ನೋಡೋಣ. ನಿಮ್ಮ ಗುಮಾಸ್ತರಿಗೆ ತಿಂಗಳಿಗೆ 12,000 ರೂಪಾಯಿ ಸಂಬಳ, ತಿಂಗಳಿಗೆ 200 ಗಂಟೆ ಕೆಲಸ ಎಂದಿಟ್ಟುಕೊಳ್ಳಿ. ಗಂಟೆಗೆ 60 ರೂಪಾಯಿ ಆಯಿತು. ತೊಡಕಿನ ತಂತ್ರಾಂಶವೊಂದು ಅವರಿಂದ ದಿನಕ್ಕೆ ಅರ್ಧ ಗಂಟೆ ಹೆಚ್ಚು ತೆಗೆದುಕೊಂಡರೆ, ವರ್ಷದ 300 ಕೆಲಸದ ದಿನಗಳಿಗೆ 150 ಗಂಟೆ, ಅಂದರೆ 9,000 ರೂಪಾಯಿ. ವರ್ಷಕ್ಕೆ 3,000 ರೂಪಾಯಿ ಉಳಿಸಲೆಂದು ಉಚಿತವಾದದ್ದನ್ನು ಆರಿಸಿಕೊಂಡವರು ಅದರ ಮೂರು ಪಟ್ಟನ್ನು ಕಾಣದ ದಾರಿಯಲ್ಲಿ ಕಳೆದುಕೊಳ್ಳುತ್ತಾರೆ. ಅಂಗಡಿಯಲ್ಲಿ ಲೆಕ್ಕ ಬರೆಯುವವರು ಮನೆಯ ಸೊಸೆಯೋ ಮಗಳೋ ಆಗಿದ್ದರೆ ಆ ಹೊತ್ತಿಗೆ ಸಂಬಳವಿಲ್ಲ ಎಂಬ ಕಾರಣಕ್ಕೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದನ್ನು ನಾನು ಕಂಡಿದ್ದೇನೆ, ಅದು ನ್ಯಾಯವಲ್ಲ. ತಂತ್ರಾಂಶವನ್ನು ಆರಿಸುವ ದಿನ ಹಣ ಕೊಡುವ ಯಜಮಾನರ ಜೊತೆಗೆ, ಅವರಿಗಿಂತ ಹೆಚ್ಚಾಗಿ, ದಿನವೂ ಅದರ ಮುಂದೆ ಕೂರುವವರ ಮಾತು ನಡೆಯಬೇಕು.

ಅವರು ಕನ್ನಡದಲ್ಲಿ ಬರೆಯಲು ಇಷ್ಟಪಟ್ಟರೆ ಅದಕ್ಕೂ ಪರೀಕ್ಷೆ ಬೇಕು. ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಮ್ಮೆ ಎಚ್ ಅಕ್ಷರ ಸೇರಿಸಿ, ಇನ್ನೊಮ್ಮೆ ಬಿಟ್ಟು ಬರೆದರೆ ಒಬ್ಬರೇ ಎರಡು ಖಾತೆಗಳಾಗಿ ಬಾಕಿ ಹರಿದುಹೋಗುತ್ತದೆ. ಕನ್ನಡದಲ್ಲಿ ಬರೆದರೆ ಈ ತಪ್ಪು ಕಡಿಮೆ. ಹೆಸರಿನ ಜೊತೆ ಊರು ಮತ್ತು ಫೋನ್ ಸಂಖ್ಯೆ ಇರಲೇಬೇಕು, ಒಂದೇ ಊರಿನಲ್ಲಿ ನಾಲ್ವರು ಮಂಜುನಾಥರಿರುತ್ತಾರೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪು ಮಾಡಿಟ್ಟ ಪಟ್ಟಿಗಳನ್ನು, ಇಂದಿನ ಸಾಧನಗಳು ಓದುವ ಯೂನಿಕೋಡ್‌ಗೆ ಬದಲಿಸಿಕೊಳ್ಳದೆ ಹೊಸ ತಂತ್ರಾಂಶಕ್ಕೆ ತುಂಬಿದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣುತ್ತವೆ. ಬಿಲ್ಲು ಮುದ್ರಿಸುವ ಸಣ್ಣ ಥರ್ಮಲ್ ಪ್ರಿಂಟರುಗಳಲ್ಲಿ ಕನ್ನಡದ ಅಕ್ಷರಗಳು ಸಾಮಾನ್ಯವಾಗಿ ಇರುವುದಿಲ್ಲ. ತಂತ್ರಾಂಶವು ಇಡೀ ಬಿಲ್ಲನ್ನು ಚಿತ್ರವಾಗಿ ಕಳಿಸಿದರೆ ಮಾತ್ರ ಕನ್ನಡ ಮೂಡುತ್ತದೆ. ಪ್ರಿಂಟರನ್ನೂ ತಂತ್ರಾಂಶವನ್ನೂ ಒಟ್ಟಿಗೆ ಇಟ್ಟು, ಒತ್ತಕ್ಷರಗಳಿರುವ ಒಂದು ಬಿಲ್ಲನ್ನು ಕಣ್ಣೆದುರು ಮುದ್ರಿಸಿಸಿ ನೋಡದೆ ಹಣ ಕೊಡಬೇಡಿ.

ಮಲೆನಾಡಿನ ಮಳೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ, ಕೊಪ್ಪದ ಕಡೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು, ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಪೂರ್ತಿಯಾಗಿ ಅಂತರ್ಜಾಲದ ಮೇಲೆ ನಿಂತ ತಂತ್ರಾಂಶ ಅಲ್ಲಿ ಅಂಗಡಿಯ ಕೈ ಕಟ್ಟಿಹಾಕುತ್ತದೆ. ಸಂಪರ್ಕವಿಲ್ಲದಾಗಲೂ ಬಿಲ್ಲು ಬರೆದು, ಬಂದಾಗ ತಾನೇ ಹೊಂದಿಸಿಕೊಳ್ಳುವಂಥದ್ದು, ಅಥವಾ ನಮ್ಮ ಕಂಪ್ಯೂಟರಿನಲ್ಲಿಯೇ ಕೂರುವಂಥದ್ದು ನಮಗೆ ಹೊಂದುತ್ತದೆ. ಆದರೆ ಹಾಗೆ ಕೂರುವ ಲೆಕ್ಕಕ್ಕೆ ಸಿಡಿಲು, ತೇವಗಳ ಭಯವಿದೆ. ಪೆನ್ ಡ್ರೈವ್‌ನಲ್ಲಿ ಪ್ರತಿ ತೆಗೆದು ಅದೇ ಮೇಜಿನ ಖಾನೆಯಲ್ಲಿಟ್ಟರೆ ಪ್ರತಿ ಇದ್ದೂ ಇಲ್ಲದಂತೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಅಂತರ್ಜಾಲದ ಸಂಗ್ರಹದಲ್ಲಿ ಇರಲಿ, ಮತ್ತು ಆಗಾಗ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಓದಲು ಬರುತ್ತದೆಯೇ ಎಂದು ನೋಡಿ.

ಎರಡನೆಯ ಮಾತಿಗೆ, ಅಂದರೆ ಬಿಟ್ಟು ಹೊರಡುವ ದಿನಕ್ಕೆ, ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಜಿಎಸ್‌ಟಿ ಕಾಯಿದೆಯ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಕಾಪಾಡಬೇಕು. ಇಂದು ಬರೆದ ಬಿಲ್ಲನ್ನು ಆರು ವರ್ಷಕ್ಕೂ ಮಿಕ್ಕಿದ ಅವಧಿಯ ಬಳಿಕ ತೋರಿಸಬೇಕಾಗಿ ಬರಬಹುದು. ವರ್ಷದ ಚಂದಾ ಕಟ್ಟಿ ಬಳಸುವ ಆ್ಯಪ್ ಅಷ್ಟು ಕಾಲ ಇರುತ್ತದೆಂದಾಗಲೀ, ಚಂದಾ ನಿಲ್ಲಿಸಿದ ಮೇಲೂ ಹಳೆಯ ಲೆಕ್ಕ ತೆರೆಯುತ್ತದೆಂದಾಗಲೀ ಭರವಸೆ ಏನು? ಆದ್ದರಿಂದ ಹಣ ಕೊಡುವ ಮೊದಲೇ ಹತ್ತು ಬಿಲ್ಲು ಬರೆದು, ಎಲ್ಲವನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ (ಬೇರೆ ತಂತ್ರಾಂಶಗಳಲ್ಲೂ ತೆರೆಯುವ ಸಾದಾ ಪಟ್ಟಿ) ಕಡತವಾಗಿ ಹೊರತೆಗೆಯಿರಿ. ಬರಿಯ ಮೊತ್ತಗಳಲ್ಲ, ಗಿರಾಕಿಯ ಹೆಸರು, ಸರಕು, ಅದರ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆ, ತೆರಿಗೆ, ಬಾಕಿ, ಪ್ರತಿಯೊಂದು ಸಾಲೂ ಬಂದಿದೆಯೇ ನೋಡಿ. ಪಿಡಿಎಫ್ ಮಾತ್ರ ಕೊಡುವ ತಂತ್ರಾಂಶ ನಿಮ್ಮ ಲೆಕ್ಕವನ್ನು ನಿಮಗೆ ತೋರಿಸುತ್ತದೆ, ಮರಳಿ ಕೊಡುವುದಿಲ್ಲ. ಇನ್ನೊಂದು ವಿಷಯ: ತಂತ್ರಾಂಶ ಹಾಕಿಕೊಡಲು ಬಂದವರು ಬೇಗ ಮುಗಿಯಲೆಂದು ತಮ್ಮದೇ ಇಮೇಲ್, ತಮ್ಮದೇ ಫೋನ್ ಸಂಖ್ಯೆಯಲ್ಲಿ ಖಾತೆ ತೆರೆಯುವುದುಂಟು. ಒಪ್ಪಬೇಡಿ. ಅವರು ಊರು ಬಿಟ್ಟ ದಿನ ನಿಮ್ಮ ವ್ಯಾಪಾರದ ಬೀಗದ ಕೈ ಅವರ ಜೊತೆ ಹೋಗಿರುತ್ತದೆ.

ದರಗಳು ಬದಲಾಗುವಾಗ ನವೀಕರಣ ಎಷ್ಟು ಬೇಗ ಬರುತ್ತದೆ ಎಂಬುದನ್ನೂ ಹಳೆಯ ಬಳಕೆದಾರರಿಂದ ವಿಚಾರಿಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಶೇ. 12 ಮತ್ತು ಶೇ. 28ರ ದರಗಳು ಬಹುಪಾಲು ತೆಗೆದುಹೋಗಿ ಹೆಚ್ಚಿನ ಸರಕುಗಳು ಶೇ. 5 ಮತ್ತು ಶೇ. 18ರೊಳಗೆ ಬಂದಾಗ, ದಿನಾಂಕಕ್ಕೆ ತಕ್ಕಂತೆ ದರ ಬದಲಿಸಿಕೊಳ್ಳುವ ಸೌಲಭ್ಯವಿದ್ದವರ ಕೆಲಸ ಹಗುರವಾಯಿತು. ಅದು ಇಲ್ಲದವರು ಒಂದೊಂದೇ ಸರಕನ್ನು ತೆರೆದು ತಿದ್ದಬೇಕಾಗಿತ್ತು, ಆಗ ಹಳೆಯ ಬಿಲ್ಲುಗಳ ದರ ಕೆಡದಂತೆಯೂ ನೋಡಿಕೊಳ್ಳಬೇಕಾಗಿತ್ತು.

ಕೊನೆಗೆ, ಬದಲಾಯಿಸುವ ಕ್ರಮ. ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್ 1 ಇದಕ್ಕೆ ಸರಿಯಾದ ದಿನ, ಅಡಿಕೆ ಕೊಯಿಲಿನ ಗಡಿಬಿಡಿಯೂ ಅಷ್ಟರೊಳಗೆ ಇಳಿದಿರುತ್ತದೆ. ಮಾರ್ಚ್ 31ರ ಸಂಜೆ ದಾಸ್ತಾನನ್ನು ಕೈಯಾರೆ ಎಣಿಸಿ, ತೂಗಿ ಬರೆದುಕೊಳ್ಳಿ. ಹಳೆಯ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಹೊಸದಕ್ಕೆ ಏರಿಸಿದರೆ ಹಳೆಯ ತಪ್ಪುಗಳೂ ಏರುತ್ತವೆ. ಮೊದಲ ಎರಡು ತಿಂಗಳು ಕಿರ್ದಿಯನ್ನೂ ಕಂಪ್ಯೂಟರನ್ನೂ ಜೊತೆಯಲ್ಲಿಯೇ ನಡೆಸಿ, ವಾರಕ್ಕೊಮ್ಮೆ ನಗದಿನ ಮೊತ್ತವನ್ನು ತಾಳೆ ನೋಡಿ. ಬಾಕಿದಾರರ ಆರಂಭಿಕ ಬಾಕಿಯನ್ನು ಮಾತ್ರ ನೀವೊಬ್ಬರೇ ಕೂತು ತುಂಬಬೇಡಿ. ಪ್ರತಿಯೊಬ್ಬರ ಖಾತೆಯನ್ನೂ ಒಂದು ಹಾಳೆಗೆ ಮುದ್ರಿಸಿ, ಅವರು ಮುಂದಿನ ಸಲ ಪೇಟೆಗೆ ಬಂದಾಗ ತೋರಿಸಿ, ಅವರ ಚೀಟಿಯಲ್ಲಿರುವ ಲೆಕ್ಕದೊಂದಿಗೆ ಕೂಡಿಸಿ ನೋಡಿ, ಇಬ್ಬರೂ ಒಪ್ಪಿ ಸಹಿ ಹಾಕಿದ ಮೇಲೆಯೇ ಆ ಅಂಕಿಯನ್ನು ಹೊಸ ತಂತ್ರಾಂಶದಲ್ಲಿ ಖಾಯಂ ಮಾಡಿ.